ಬಟ್ಟಲಿನಲ್ಲಿ ಉಳಿದ ಪಿನ್ನು

ಗೃಹಸ್ಥನಾದವನಿಗೆ ಒಂದಲ್ಲ ಒಂದು ದಿನ ಮನೆಯ ಸಾಮಾನನ್ನು ತಾನೇ ರಿಪೇರಿ ಮಾಡಬೇಕೆಂಬ ಹಂಬಲ ಹುಟ್ಟದೆ ಇರುವುದಿಲ್ಲ. ಕೆಲವರ ಹಂಬಲ ಸೋರುವ ನಲ್ಲಿಗೆ ವಾಷರು ಹಾಕುವುದರಲ್ಲಿಯೇ ತೃಪ್ತಿ ಹೊಂದುತ್ತದೆ. ಕೆಲವರದು ಗೋಡೆಗಡಿಯಾರದ ಹೊಟ್ಟೆ ಬಗೆಯುವವರೆಗೂ ಹೋಗುತ್ತದೆ. ಗಡಿಯಾರ ಕೆಟ್ಟರೆ ಹೊತ್ತು ತಪ್ಪೀತು, ಅಷ್ಟೆ. ಕಾರಿನ ಸ್ಟೇರಿಂಗಿಗೆ ಕೈಹಾಕುವವನ ಮಾತು ಬೇರೆ.

ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿ ಅಂಥ ಗೃಹಸ್ಥರೊಬ್ಬರಿದ್ದಾರೆ. ಮೂವತ್ತು ವರ್ಷ ಇತರರ ಲೆಕ್ಕದಲ್ಲಿ ತಪ್ಪು ಹುಡುಕುವುದನ್ನೇ ಕಸುಬಾಗಿ ಮಾಡಿ ನಿವೃತ್ತರಾದವರು. ಅವರಲ್ಲಿರುವುದು 1983ರಲ್ಲಿ ಮೊದಲು ರಸ್ತೆಗಿಳಿದು, 2014ರಲ್ಲಿ ತಯಾರಿಕೆ ನಿಂತುಹೋದ ಮಾರುತಿ 800. ಒಮ್ಮೆ ಆ ಕಾರಿನ ಮುಂದಿನ ಟೈರುಗಳೆರಡೂ ಒಳ ಅಂಚಿನಲ್ಲಿ ಮಾತ್ರ ಸವೆದು ಬೋಳಾದವು. ನೇರ ರಸ್ತೆಯಲ್ಲಿಯೂ ಕಾರು ಅತ್ತಿತ್ತ ಅಲೆಯತೊಡಗಿತು. ವರ್ಕ್‌ಷಾಪಿಗೆ ಒಯ್ಯಿರೆಂದು ಮನೆಯಾಕೆ ಹೇಳಿದಳು. ಯಜಮಾನರು ಪುಸ್ತಕ ತೆರೆದರು.

ಮೊದಲು ರೋಗಪರೀಕ್ಷೆ. ಮೊಮ್ಮಗನನ್ನು ಸೀಟಿನಲ್ಲಿ ಕೂರಿಸಿ, ಸ್ಟೇರಿಂಗನ್ನು ಸ್ವಲ್ಪ ಸ್ವಲ್ಪವೇ ಅಲುಗಿಸೆಂದು ಹೇಳಿ, ತಾವು ಮುಂದೆ ಬಗ್ಗಿ ನೋಡಿದರು. ಸ್ಟೇರಿಂಗಿನ ಚಲನೆಯನ್ನು ಚಕ್ರಕ್ಕೆ ಮುಟ್ಟಿಸುವ ಸರಳಿನ ತುದಿಯಲ್ಲಿ ಒಂದು ಕೀಲಿದೆ. ಅದಕ್ಕೆ ಟೈ ರಾಡ್ ಎಂಡ್ ಎನ್ನುತ್ತಾರೆ. ಬಟ್ಟಲಿನೊಳಗೆ ಗುಂಡು ಆಡುವಂತೆ ಅದರ ರಚನೆ. ಮೇಲಿನ ರಬ್ಬರಿನ ಟೊಪ್ಪಿಗೆ ಹರಿದು, ಗ್ರೀಸಿನ ಸ್ಥಾನವನ್ನು ಧೂಳು ಆಕ್ರಮಿಸಿ, ಗುಂಡು ಸಡಿಲಗೊಂಡು ಕಟಕಟ ಎನ್ನುತ್ತಿತ್ತು.

“ತಾತ, ಎರಡು ಚಕ್ರವೂ ಒಂದೇ ಸಮನೆ ತಿರುಗುತ್ತವೆಯೇ?” ಎಂದು ಕೇಳಿದ ಹುಡುಗ.

ತಾತನಿಗೆ ಬೇಕಾದದ್ದೇ ಅದು. ತಿರುವಿನಲ್ಲಿ ಒಳಗಿನ ಚಕ್ರ ಸಣ್ಣ ವೃತ್ತವನ್ನು ಬಳಸುತ್ತದೆ, ಹೊರಗಿನದು ದೊಡ್ಡದನ್ನು; ಆದ್ದರಿಂದ ಒಳಗಿನ ಚಕ್ರ ಹೆಚ್ಚು ಓರೆಯಾಗಬೇಕು. ಈ ಉಪಾಯವನ್ನು ಕುದುರೆಗಾಡಿಗಾಗಿ ಕಂಡುಹಿಡಿದವನು ಮ್ಯೂನಿಕ್ ನಗರದ ಗಾಡಿ ತಯಾರಕ ಲಾಂಕೆನ್‌ಸ್ಪೆರ್ಗರ್. 1818ರಲ್ಲಿ ಇಂಗ್ಲೆಂಡಿನಲ್ಲಿ ಅದರ ಪೇಟೆಂಟ್ ಪಡೆದವನು ಆತನ ಏಜೆಂಟ್ ಅಕರ್ಮನ್. ಹೆಸರು ಉಳಿದದ್ದು ಏಜೆಂಟನದೇ!

ಎರಡು ದಿನಗಳ ಕೆಲಸ ನಡೆಯಿತು. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟರು; ಜಾಕಿಯೊಂದನ್ನೇ ನಂಬದೆ ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಕಾರನ್ನು ನಿಲ್ಲಿಸಿದರು. ಎರಡು ಪಕ್ಕದ ಕೀಲುಗಳನ್ನೂ ಬದಲಾಯಿಸಿದರು. ಆಮೇಲೆ ಕಾರನ್ನು ಸಮನಾದ ನೆಲಕ್ಕಿಳಿಸಿ ಒಂದಿಷ್ಟು ಹಿಂದೆ ಮುಂದೆ ತಳ್ಳಿದರು. ತೂಗಾಡುವ ಚಕ್ರವನ್ನು ಅಳೆದರೆ ಅಳತೆ ಸುಳ್ಳು ಹೇಳುತ್ತದೆ. ಟೈರುಗಳ ಹಿಂಭಾಗದಲ್ಲಿ, ಚಕ್ರದ ಮಧ್ಯದ ಎತ್ತರಕ್ಕೆ ಸೀಮೆಸುಣ್ಣದ ಗುರುತು ಮಾಡಿ, ಎರಡರ ನಡುವಣ ಅಂತರವನ್ನು ಅಳೆದರು. ಅವೇ ಗುರುತುಗಳು ಮುಂಭಾಗಕ್ಕೆ ಬರುವಷ್ಟು ಕಾರನ್ನು ಮುಂದಕ್ಕೆ ತಳ್ಳಿ ಮತ್ತೆ ಅಳೆದರು. ಮುಂದಿನ ಅಂತರ ಹಿಂದಿನದಕ್ಕಿಂತ 9 ಮಿಲಿಮೀಟರ್ ಹೆಚ್ಚು. ಪಾದಗಳನ್ನು ಹೊರಕ್ಕೆ ಚಾಚಿ ಕಾಲೆಳೆದು ನಡೆಯುವವನ ಚಪ್ಪಲಿಯಂತೆ ಟೈರು ಸವೆದದ್ದರಲ್ಲಿ ಆಶ್ಚರ್ಯವೇನು? ಲಾಕ್ ನಟ್ಟುಗಳನ್ನು ಸಡಿಲಿಸಿ, ಸರಳುಗಳನ್ನು ಎರಡು ಪಕ್ಕಕ್ಕೂ ಒಂದೇ ಲೆಕ್ಕದಲ್ಲಿ ತಿರುಗಿಸಿ—ಹಾಗಲ್ಲದಿದ್ದರೆ ಸ್ಟೇರಿಂಗು ಸೊಟ್ಟಗೆ ನಿಲ್ಲುತ್ತದೆ—ಪುಸ್ತಕದ ಅಳತೆಗೆ ತಂದು, ನಟ್ಟುಗಳನ್ನು ಬಿಗಿದರು. ಮರುದಿನ ಬೆಳಗ್ಗೆ ಸೊಸೆ ಮೊಮ್ಮಕ್ಕಳೊಡನೆ ನಂಜನಗೂಡಿಗೆ ಪ್ರಯಾಣವೆಂದು ಸಾರಿದರು.

ಸಂಜೆ ಯಜಮಾನರು ಸೀಮೆಎಣ್ಣೆಯಿಂದ ಕೈ ಉಜ್ಜುತ್ತಿದ್ದಾಗ, ಮನೆಯಾಕೆ ಜಗಲಿಯ ಮೇಲೆ ಹರಡಿದ್ದ ಸಾಮಾನನ್ನು ಒಟ್ಟುಮಾಡುತ್ತಿದ್ದಳು. ಮದುವೆಮನೆಯ ಪಾತ್ರೆಗಳನ್ನು ಎಣಿಸಿ ಒಪ್ಪಿಸಿ ಅಭ್ಯಾಸವಾದ ಕೈ. ಹಿತ್ತಾಳೆಯ ಬಟ್ಟಲೊಂದನ್ನು ಹಿಡಿದು ನಿಂತಳು.

“ಏನೂಂದ್ರೆ, ಈ ತಂತಿಯಂಥದ್ದು ಎಷ್ಟು ತಂದಿದ್ದಿರಿ?”

“ಎರಡು. ಪಕ್ಕಕ್ಕೊಂದು.”

“ಹಳೆಯವು ಎರಡು ಇಲ್ಲಿವೆ, ಸರಿ. ಹೊಸದೂ ಒಂದು ಇದೆಯಲ್ಲ?”

ಅಂಗಡಿಯವನು ಹೆಚ್ಚಿಗೆ ಕೊಟ್ಟಿರಬೇಕೆಂದರು ಯಜಮಾನರು. ಆಕೆ ಮರುಮಾತನಾಡದೆ ಚೀಟಿಯನ್ನು ತಂದು ತೋರಿಸಿದಳು. ಎರಡೇ.

ಟಾರ್ಚು ಹಿಡಿದು ಹೋಗಿ ನೋಡಿದರು. ಎಡಗಡೆ ಎಲ್ಲವೂ ಸರಿಯಾಗಿತ್ತು. ಬಲಗಡೆಯ ಕೀಲಿನಲ್ಲಿ ಕಿರೀಟದಂತೆ ಹಲ್ಲುಗಳಿರುವ ನಟ್ಟು ಬಿಗಿಯಾಗಿಯೇ ಕುಳಿತಿತ್ತು. ಆದರೆ ಅದನ್ನು ತಿರುಗದಂತೆ ಹಿಡಿಯುವ ಸ್ಪ್ಲಿಟ್ ಪಿನ್ನಿನ ತೂತು ಬರಿದಾಗಿತ್ತು. ಕಾಫಿಗೆ ಕರೆ ಬಂದಾಗ ಎದ್ದುಹೋದದ್ದು ಆಗ ನೆನಪಾಯಿತು.

ಮರುದಿನವೇ ಅಪಾಯವಾಗುತ್ತಿತ್ತೆಂದಲ್ಲ. ಒಂದು ವಾರ, ಒಂದು ತಿಂಗಳು ನಡೆಯಬಹುದಿತ್ತು. ರಸ್ತೆಯ ಪ್ರತಿಯೊಂದು ಕುಲುಕಿಗೂ ನಟ್ಟು ಒಂದೊಂದು ಎಳೆ ಸಡಿಲವಾಗಿ, ಒಂದು ದಿನ ಕೀಲು ಕಳಚಿದರೆ, ಆ ಚಕ್ರ ಸ್ಟೇರಿಂಗಿನ ಮಾತನ್ನು ಕೇಳುವುದಿಲ್ಲ. ಕಪಿಲೆಯ ಸೇತುವೆಯ ಮೇಲೆ ಹಾಗಾದರೆ? ಹಿಂದಿನ ಸೀಟಿನಲ್ಲಿ ಮಕ್ಕಳು. ಯಜಮಾನರು ಕಾರಿನ ಪಕ್ಕದಲ್ಲಿ ಬಹಳ ಹೊತ್ತು ಕುಳಿತೇ ಇದ್ದರು.

ಪಿನ್ನು ಹಾಕಿ ತುದಿಗಳನ್ನು ಬಗ್ಗಿಸಿದರು. ಆದರೂ ನಂಜನಗೂಡಿಗೆ ಎಲ್ಲರೂ ಬಸ್ಸಿನಲ್ಲಿ ಹೋದರು. ಅನಂತರ ಕಾರನ್ನು ನಿಧಾನವಾಗಿ ಅಲೈನ್‌ಮೆಂಟ್ ಅಂಗಡಿಗೆ ಒಯ್ದು ಪರೀಕ್ಷೆ ಮಾಡಿಸಿದರು. ಚಕ್ರ ಮೇಲಿನಿಂದ ಕೆಳಕ್ಕೆ ಎಷ್ಟು ವಾಲಿದೆಯೆಂಬುದನ್ನು ಟೇಪು ಹೇಳಲಾರದು. ಅದಕ್ಕೆ ಯಂತ್ರವೇ ಬೇಕು. ಟೇಪಿನ ಕೆಲಸದಲ್ಲಿ ಒಂದು ಮಿಲಿಮೀಟರಿನ ವ್ಯತ್ಯಾಸವೂ ಇಲ್ಲವೆಂದು ಮೇಸ್ತ್ರಿ ಮೆಚ್ಚಿದ. ಯಜಮಾನರಿಗೆ ಹಿಗ್ಗಬೇಕೆನಿಸಲಿಲ್ಲ. ಅಳತೆ ಕಲಿಯುವುದು ವಿದ್ಯೆ. ತಾನು ಮರೆಯಬಲ್ಲೆನೆಂದು ಒಪ್ಪಿಕೊಳ್ಳುವುದು ಅದಕ್ಕಿಂತ ಕಷ್ಟದ ವಿದ್ಯೆ.

ಆ ಮನೆಯಲ್ಲಿ ರಿಪೇರಿ ಇಂದಿಗೂ ನಿಂತಿಲ್ಲ. ಸ್ಪ್ಯಾನರಿನ ಸದ್ದು ಕೇಳಿದೊಡನೆ ಮನೆಯಾಕೆ ಹಿತ್ತಾಳೆಯ ಬಟ್ಟಲನ್ನೂ ಒಂದು ಚೀಟಿಯನ್ನೂ ತಂದು ಜಗಲಿಯ ಮೇಲೆ ಕುಳಿತುಕೊಳ್ಳುತ್ತಾಳೆ. ಬಿಚ್ಚಿದ್ದು ಎಷ್ಟು, ಹಾಕಿದ್ದು ಎಷ್ಟು—ಎಲ್ಲವನ್ನೂ ಬರೆದುಕೊಳ್ಳುತ್ತಾಳೆ. ಅಲ್ಲಿಯವರೆಗೆ ಕಾಫಿಗೆ ಕರೆಯುವುದಿಲ್ಲ.