ಸ್ಟೇ ಇದ್ದ ದಾರಿಗೆ ಬೇಲಿ ಹಾಕಿಸಿದ ಕಥೆ

ನಮ್ಮೂರಲ್ಲಿ ಕೋರ್ಟಿಂದ ಬರೋ ಕಾಗದಗಳಿಗೆಲ್ಲ ಒಂದೇ ಹೆಸರು, ‘ಸ್ಟೇ’. ತಡೆಯಾಜ್ಞೆ, ನಿರ್ಬಂಧಕಾಜ್ಞೆ ಅನ್ನೋ ಪದಗಳೆಲ್ಲ ವಕೀಲರ ಬಾಯಲ್ಲಿ ಮಾತ್ರ. ‘ಅವ್ರು ಸ್ಟೇ ತಂದವ್ರಂತೆ’ ಅಂದರೆ ಸಾಕು, ಅರಳಿಕಟ್ಟೆಗೆ ಒಂದು ವಾರಕ್ಕಾಗುವಷ್ಟು ಮಾತು.

ಕೆಲವು ವರ್ಷದ ಹಿಂದೆ ಅಂಥದ್ದೊಂದು ಸ್ಟೇ ನಮ್ಮ ಮನೆಗೂ ರಿಜಿಸ್ಟರ್ ಪೋಸ್ಟಲ್ಲಿ ಬಂತು. ತಿಪಟೂರು ಕಡೆಯ ನಮ್ಮ ತೆಂಗಿನ ತೋಟದ ಅಂಚಲ್ಲಿ ಒಂದು ಗಾಡಿದಾರಿ ಇದೆ. ಅದರಾಚೆ ಜಮೀನಿರುವ ಚಿಕ್ಕಪ್ಪ, ಅಂದರೆ ಅಪ್ಪನ ದಾಯಾದಿ, ‘ತಾತನ ಕಾಲದಿಂದ ಓಡಾಡಿದ ದಾರಿ, ಅಡ್ಡ ಹಾಕಬಾರದು’ ಅಂತ ದಾವೆ ಹೂಡಿದ್ದರು. ದಾವೆ ತೀರ್ಮಾನವಾಗೋ ಮೊದಲೇ ತಾತ್ಕಾಲಿಕ ಆದೇಶ ಬಂದಿತ್ತು. ಮುಂದಿನ ಆದೇಶದವರೆಗೆ ಪ್ರತಿವಾದಿಯಾಗಲಿ, ಅವರ ಕಡೆಯವರಾಗಲಿ, ಆಳುಕಾಳಾಗಲಿ ದಾರಿಗೆ ಅಡ್ಡಿ ಮಾಡಕೂಡದು. ಪ್ರತಿವಾದಿ ಅಪ್ಪ. ‘ಅವರ ಕಡೆಯವರು’ ಅಂದರೆ ನಾನೂ ಸೇರಿದ್ದೆ ಅನ್ನೋದು ಆಗ ಹೊಳೆಯಲಿಲ್ಲ.

ಶನಿವಾರ ಊರಿಗೆ ಹೋದವನು ಆ ಹಾಳೆ ಓದಿ ಕೆರಳಿದೆ. ‘ನಮ್ಮ ಮಾತೇ ಕೇಳ್ದೆ ಕೊಟ್ಟಿರೋದು ಯಾವ ಸೀಮೆ ಆರ್ಡರ್ರಪ್ಪ?’

‘ಬ್ಯಾಡ ಕಣ್ಲಾ. ಲಾಯರ್ ಕೇಳಾನ ಇರು’ ಅಂದ್ರು ಅಪ್ಪ.

ನಾನು ಕೇಳಲಿಲ್ಲ. ಭಾನುವಾರ ನಾಲ್ಕು ಆಳು ಕರೆಸಿ, ಕಲ್ಲುಕಂಬ ನೆಡಿಸಿ, ದಾರಿಗಡ್ಡ ತಂತಿಬೇಲಿ ಎಳೆಸಿದೆ. ಅದರ ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್ಸಿಗೂ ಹಾಕಿ, ಸಂಜೆ ಬಸ್ಸಿಗೆ ಬೆಂಗಳೂರಿಗೆ ಬಂದೆ. ಬಿಇ ಓದಿದ ಮಗ ಊರಿಗೆ ಬಂದು ಒಂದು ಕೆಲಸ ಮುಗಿಸಿದ ಅನ್ನೋ ಬೀಗು ಬೇರೆ.

ಮೂರು ವಾರಕ್ಕೆ ಇನ್ನೊಂದು ಅರ್ಜಿಯ ನಕಲು ಬಂತು. ಜೊತೆಗೆ ನನ್ನ ಸ್ಟೇಟಸ್ಸಿನ ಸ್ಕ್ರೀನ್‌ಶಾಟ್!

ನಮ್ಮ ವಕೀಲರು ಬೈಯಲಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆ ತೆಗೆದು 39ನೇ ಆದೇಶದ 2ಎ ನಿಯಮ ತೋರಿಸಿದರು. ಇಂಥ ಆಜ್ಞೆ ಮುರಿದವರ ಆಸ್ತಿಯನ್ನು ಕೋರ್ಟು ಜಪ್ತಿ ಮಾಡಿಸಬಹುದು. ಜಪ್ತಿ ಒಂದು ವರ್ಷ ಮೀರುವಂತಿಲ್ಲ, ಆದರೆ ಅಷ್ಟರೊಳಗೂ ದಾರಿಗೆ ಬರದಿದ್ದರೆ ಆಸ್ತಿ ಮಾರಿಸಿ ನೊಂದವರಿಗೆ ಪರಿಹಾರ ಕೊಡಿಸಬಹುದು. ಅದರ ಜೊತೆಗೆ ಮೂರು ತಿಂಗಳವರೆಗೆ ಸಿವಿಲ್ ಜೈಲಿಗೂ ಕಳಿಸಬಹುದು.

‘ಬೇಲಿ ಹಾಕ್ಸಿದ್ದು ನಾನು ಸಾರ್.’

‘ನೀನು ಹಾಕ್ಸಿದ್ದು ಅವರ ಕಡೆಯವನಾಗೇ ಅಲ್ವೇನಪ್ಪ? ದಾವೇಲಿ ಹೆಸರಿರೋದು ನಿಮ್ಮ ತಂದೆಯವರದು. ಮೊದಲು ಉತ್ತರ ಹೇಳ್ಬೇಕಾದೋರು ಅವರೇ.’

ಪಕ್ಕದ ಕುರ್ಚಿಯಲ್ಲಿ ಅಪ್ಪ ಹೆಗಲ ಟವೆಲ್ಲಿನ ತುದಿ ಸುತ್ತುತ್ತಾ ಕೂತಿದ್ದರು. ಪೊಲೀಸ್ ಠಾಣೆ ಮೆಟ್ಟಿಲು ಹತ್ತದ ಅರವತ್ತಾರರ ಮನುಷ್ಯ.

‘ಆದ್ರೆ ಆರ್ಡರೇ ತಪ್ಪಲ್ವಾ ಸಾರ್? ನಮ್ಮನ್ನ ಕೇಳ್ಲೇ ಇಲ್ಲ.’

ಅದಕ್ಕೂ ಅವರ ಹತ್ತಿರ ಉತ್ತರವಿತ್ತು. ತಡಮಾಡಿದರೆ ಉದ್ದೇಶವೇ ಕೆಡುತ್ತೆ ಅನ್ನಿಸಿದಾಗ, ಕಾರಣ ಬರೆದು, ಎದುರಿನವರನ್ನು ಕೇಳದೆಯೂ ಆಜ್ಞೆ ಕೊಡೋಕೆ ಕಾನೂನಲ್ಲಿ ಅವಕಾಶವಿದೆ. ಹಾಗೆ ಕೊಟ್ಟ ಮೇಲೆ ಆ ಅರ್ಜಿಯನ್ನು 30 ದಿನದೊಳಗೆ ತೀರ್ಮಾನಿಸಲು ಕೋರ್ಟು ಪ್ರಯತ್ನಿಸಬೇಕು. ಆಜ್ಞೆ ತೆಗೆಯಿರಿ ಅಂತ ನಾವೂ ಅದೇ ಕೋರ್ಟಿಗೆ ಅರ್ಜಿ ಹಾಕಬಹುದಿತ್ತು, ಮೇಲ್ಮನವಿಗೂ ಹೋಗಬಹುದಿತ್ತು. ಅಲ್ಲಿತನಕ ಆಜ್ಞೆ ಆಜ್ಞೆಯೇ. ಆ ದಾವೆ ನಡೆಸೋ ಅಧಿಕಾರವೇ ಕೋರ್ಟಿಗಿರಲಿಲ್ಲ ಅಂತ ಆಮೇಲೆ ಗೊತ್ತಾದರೂ, ಅಷ್ಟರಲ್ಲಿ ಅದರ ಮಧ್ಯಂತರ ಆಜ್ಞೆ ಮುರಿದವರು ಶಿಕ್ಷೆಯಿಂದ ತಪ್ಪಿಸಿಕೊಳ್ಳೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟು 1997ರಲ್ಲೇ ಹೇಳಿದೆ.

ಆಫೀಸಲ್ಲಿ ‘ಕೋಡ್ ಫ್ರೀಜ್’ ಅಂತ ಒಂದು ಇಮೇಲ್ ಬಂದರೆ ಒಂದು ಸಾಲು ಮುಟ್ಟದವನು ನಾನು. ಫ್ರೀಜ್ ಮಾಡಿದ ಮ್ಯಾನೇಜರಿಗೆ ತಲೆ ಇಲ್ಲ ಅಂತ ಅನ್ನಿಸಿದರೂ ಮುಟ್ಟಲ್ಲ, ಅನುಮತಿ ಕೇಳ್ತೀನಿ. ಊರಿಗೆ ಹೋದ ತಕ್ಷಣ ಆ ಬುದ್ಧಿ ಎಲ್ಲಿ ಹೋಗಿತ್ತೋ.

ಸಮಾಧಾನಕ್ಕೆ ವಕೀಲರು ಒಂದು ಮಾತು ಹೇಳಿದರು. ಅರ್ಜಿ ಬಿದ್ದ ಕೂಡಲೇ ಯಾರೂ ಬಂದು ಎಳೆದುಕೊಂಡು ಹೋಗಲ್ಲ. ಆಜ್ಞೆ ಗೊತ್ತಿದ್ದೂ ಬೇಕಂತಲೇ ಮುರಿದರು ಅನ್ನೋದನ್ನ ಅವರು ಸಾಬೀತು ಮಾಡಬೇಕು. ಆದರೆ ನಮ್ಮ ವಿಷಯದಲ್ಲಿ ಸಾಬೀತಿಗೇನು ಬರ? ರಿಜಿಸ್ಟರ್ ಪೋಸ್ಟಿನ ರಸೀದಿ ಮೇಲೆ ಅಪ್ಪನ ಸಹಿ, ಬೇಲಿಗೆ ನನ್ನದೇ ಸ್ಟೇಟಸ್ಸು.

ಬೇಲಿ ಕಿತ್ತು, ಫೋಟೋ ಸಮೇತ ಇಬ್ಬರೂ ಕ್ಷಮೆ ಕೇಳಿ ಪ್ರಮಾಣಪತ್ರ ಹಾಕಿದೆವು. ಕೋರ್ಟು ಒಪ್ಪಿಕೊಂಡು, ಎದುರಿನವರ ಖರ್ಚು ಕೊಡಿ ಅಂತ ಬಿಟ್ಟಿತು. ಪೆಟ್ಟು ಬಿದ್ದದ್ದು ಆಮೇಲೆ. ಸ್ಟೇ ತೆರವು ಮಾಡಿ ಅಂತ ನಾವು ಹಾಕಿದ ಅರ್ಜಿ ವಿಚಾರಣೆಗೆ ಬಂದಾಗ ಅವರ ವಕೀಲರು ಮೊದಲು ತೋರಿಸಿದ್ದು ಅದೇ ಬೇಲಿ ಫೋಟೋ. ನಮ್ಮ ಹಳೇ ನಕಾಶೆ, ದಾಖಲೆ ಎಲ್ಲ ಅದರ ಹಿಂದೆ ಸರಿದವು. ಸ್ಟೇ ಹಾಗೇ ಮುಂದುವರಿಯಿತು. ದಾವೆ ಇನ್ನೂ ನಡೀತಿದೆ.

ಬೇಲಿ ಕೀಳೋ ದಿನ ಆಳು ಸಿಗಲಿಲ್ಲ. ನಾನೂ ಅಪ್ಪನೂ ಸೇರಿ ಕಿತ್ತೆವು. ಮಧ್ಯಾಹ್ನದ ಹೊತ್ತಿಗೆ ನನ್ನ ಅಂಗೈ ಬೊಬ್ಬೆ ಎದ್ದಿತ್ತು. ಕೊನೇ ಕಂಬ ಎತ್ತಿ ಪಕ್ಕಕ್ಕೆ ಹಾಕಿ ಮನೆ ಕಡೆ ಹೊರಟರೆ, ಅಪ್ಪ ಗುದ್ದಲಿ ಹಿಡಿದು ಅಲ್ಲೇ ನಿಂತಿದ್ದರು.

‘ಗುಂಡಿ ಹಂಗೇ ಬಿಟ್ಟು ಹೋಯ್ತೀಯೇನ್ಲಾ? ಅವ್ನ ಎತ್ತಿನ ಕಾಲು ಸಿಕ್ಕಾಕ್ಕಂಡಾತು. ಮುಚ್ಚು.’