ಉನಕೇಶ್ವರದ ಬಿಸಿನೀರು

ಇತವಾರಿಯಲ್ಲಿ ನೆಲೆಸಿದ ಕನ್ನಡಿಗರಲ್ಲಿ ಮಾಹೂರಿನ ರೇಣುಕೆಯ ದರ್ಶನ ಮಾಡದವರು ವಿರಳವೆಂದೇ ನನ್ನ ಎಣಿಕೆ. ಸವದತ್ತಿ ಎಲ್ಲಮ್ಮನ ಒಕ್ಕಲಾದ ನಮ್ಮಂಥವರಿಗೆ, ಊರು ದೂರವಾದಾಗ ಹತ್ತಿರದ ತಾಯಿ ಆಕೆಯೇ. ಆದರೆ ಅದೇ ನಾಂದೇಡ ಜಿಲ್ಲೆಯ ಕಿನವಟ ತಾಲೂಕಿನಲ್ಲಿ, ಪೈನಗಂಗೆಯ ಸೀಮೆಯಲ್ಲಿರುವ ಉನಕೇಶ್ವರವನ್ನು ಕಂಡವರು ಕಡಿಮೆ.

2018ರ ಡಿಸೆಂಬರಿನಲ್ಲಿ ನಾವು ಯವತಮಾಳದ ಮಾರ್ಗವಾಗಿ ಮಾಹೂರಿಗೆ ಹೋಗಿ, ಮರುದಿನ ಅಲ್ಲಿಗೆ ಹೊರಟೆವು. ಸಂಗಡ ನಮ್ಮ ವೈನಿ. ಹನ್ನೆರಡು ವರ್ಷಗಳಿಂದ ಅವರ ಕೈಗಳಿಗೆ ಸೋರಿಯಾಸಿಸ್. ಅದು ಅಂಟುರೋಗವಲ್ಲವೆಂದು ಡಾಕ್ಟರರು ಎಷ್ಟು ಹೇಳಿದರೇನು? ಅರಿಷಿಣ-ಕುಂಕುಮಕ್ಕೆ ಕರೆದವರೇ ಅವರ ಕೈಯಿಂದ ಕುಂಕುಮ ಹಚ್ಚಿಸಿಕೊಳ್ಳಲು ಹಿಂಜರಿಯುವುದನ್ನು ಕಂಡು, ವೈನಿ ನಾಲ್ಕು ಜನರಲ್ಲಿ ಬೆರೆಯುವುದನ್ನೇ ಬಿಟ್ಟಿದ್ದರು.

ಶರಭಂಗ ಋಷಿಗಳಿಗಾಗಿ ಶ್ರೀರಾಮಚಂದ್ರನು ಬಾಣ ಹೂಡಿ ಈ ಬಿಸಿನೀರು ಚಿಮ್ಮಿಸಿದನೆಂಬುದು ಸ್ಥಳಪುರಾಣ. ಶಾಸ್ತ್ರಜ್ಞರ ವಿವರಣೆ ಬೇರೆ. ಮಳೆಯ ನೀರು ಬಂಡೆಯ ಬಿರುಕುಗಳಲ್ಲಿ ಆಳಕ್ಕಿಳಿಯುತ್ತದೆ. ಭೂಮಿಯೊಳಗೆ ಕಿಲೋಮೀಟರಿಗೆ ಸುಮಾರು 25ರಿಂದ 30 ಡಿಗ್ರಿಯಂತೆ ಕಾವು ಏರುತ್ತದೆ. ಕಾದ ನೀರು ಮತ್ತೊಂದು ಬಿರುಕು ಹಿಡಿದು, ಆರುವ ಮೊದಲೇ ಮೇಲಕ್ಕೆ ಬರುತ್ತದೆ. ಜ್ವಾಲಾಮುಖಿಯೇ ಬೇಕೆಂದಿಲ್ಲ. ಥೈಲಂಡಿನ ಚಿಯಾಂಗ್‌ಮಾಯ್ ಬಳಿಯ ಸಾನ್‌ಕಾಂಪೇಂಗ್ ಬುಗ್ಗೆಯಲ್ಲಿ ಪ್ರವಾಸಿಗರು ಬುಟ್ಟಿ ಇಳಿಬಿಟ್ಟು ಮೊಟ್ಟೆ ಬೇಯಿಸುತ್ತಾರೆ. ಉನಕೇಶ್ವರದ ನೀರು ಮೈ ತಾಳುವಷ್ಟೇ ಬಿಸಿ. ಗಂಧಕದ ವಾಸನೆ ಬೇರೆ. ನಮ್ಮ ಪುತ್ತೂರು ತಾಲೂಕಿನ ಇರ್ದೆಯ ಬೆಂದ್ರ್ ತೀರ್ಥವೂ ಇದೇ ಜಾತಿಯದು. ತುಳುವಿನಲ್ಲಿ ‘ಬೆಂದ್ರ್’ ಎಂದರೆ ಬಿಸಿನೀರು.

ಹೆಂಗಸರು ಸ್ನಾನ ಮಾಡುವ ಕಡೆ ವೈನಿ ಸೆರಗಿನಲ್ಲಿ ಕೈ ಮುಚ್ಚಿಕೊಂಡು ಒಂದು ಮೂಲೆಯಲ್ಲಿ ಕುಳಿತರು. ಹಳ್ಳಿಯ ಮುದುಕಿಯೊಬ್ಬಳು ಹತ್ತಿರ ಸರಿದು, “ಬಾಯಿ, ನನ್ನ ಬೆನ್ನು ಒಂದಿಷ್ಟು ತಿಕ್ಕುತ್ತೀಯಾ?” ಎಂದು ಮರಾಠಿಯಲ್ಲಿ ಕೇಳಿದಳು. ವೈನಿ ಮಾತಾಡದೆ ತಮ್ಮ ಕೈ ಚಾಚಿ ತೋರಿಸಿದರು.

“ಆಗಲೇ ಕಂಡೆ ಬಿಡವ್ವ. ಇಲ್ಲಿಗೆ ಬಂದವರಿಗೆಲ್ಲ ಏನಾದರೊಂದು ಇದ್ದೇ ಇರುತ್ತದೆ” ಎಂದು ಆಕೆ ಬೆನ್ನು ತಿರುಗಿಸಿ ಕುಳಿತಳು. ವೈನಿ ಬಹಳ ಹೊತ್ತು ತಿಕ್ಕಿದರು. ಅವರ ಕಣ್ಣಲ್ಲಿ ನೀರಿತ್ತು.

ರೋಗ ವಾಸಿಯಾಯಿತೇ ಎಂದು ವಾಚಕರು ಕೇಳಬಹುದು. ಇಲ್ಲ. ಎಂಟು-ಹತ್ತು ದಿನ ತುರಿಕೆ ತಗ್ಗಿ, ಮತ್ತೆ ಮೊದಲಿನಂತಾಯಿತು. ಡಾಕ್ಟರರ ಮುಲಾಮು ಇಂದಿಗೂ ನಡೆದಿದೆ. ಆದರೆ ಮುಂದಿನ ತಿಂಗಳು ಸಂಕ್ರಾಂತಿಗೆ ವೈನಿ ತಾವೇ ಮನೆಮನೆಗೆ ಹೋಗಿ ಕುಸುರೆಳ್ಳು ಬೀರಿದರು. ಒಬ್ಬರು ಕೈ ಹಿಂದೆಗೆದಾಗ, “ಇದು ಅಂಟೂದಲ್ರೀ, ತಗೋರಿ” ಎಂದು ನಕ್ಕರು. ಅವರು ತೆಗೆದುಕೊಂಡರು.

ಉನಕೇಶ್ವರಕ್ಕೆ ಹೋಗುವವರು ಅವಶ್ಯವಾಗಿ ಹೋಗಿರಿ. ಗಾಯವಾದವರೂ ಹೃದಯದ ತೊಂದರೆಯುಳ್ಳವರೂ ಡಾಕ್ಟರರನ್ನು ಕೇಳದೆ ನೀರಿಗಿಳಿಯಬಾರದು. ನಡೆಯುತ್ತಿರುವ ಔಷಧವನ್ನೂ ಬಿಡಬಾರದು. ಇನ್ನು, ನಮ್ಮ ಅರಿಷಿಣ-ಕುಂಕುಮದಲ್ಲಿ ಇಂಥ ಕೈಯೊಂದು ಮುಂದೆ ಬಂದರೆ ಹಣೆಯೊಡ್ಡೋಣ. ಅಷ್ಟಕ್ಕಾಗಿ ನಾವು ಉನಕೇಶ್ವರದವರೆಗೆ ಹೋಗಬೇಕಾಗಿಲ್ಲ.