ಒಂದು ಒದೆತ

ಹದಿನೈದು ವರ್ಷ ಆಡಿದವನನ್ನು ಲೋಕವು ಒಂದೇ ಒಂದು ಒದೆತದಿಂದ ನೆನೆಯುವುದಾದರೆ, ತಪ್ಪು ಆಟಗಾರನದೋ, ಲೋಕದ ಸ್ಮರಣೆಯದೋ? ಡಾನ್ ಫಾಕ್ಸನ ಹೆಸರು ಕೇಳಿದಾಗಲೆಲ್ಲ ನನ್ನಲ್ಲಿ ಈ ಪ್ರಶ್ನೆ ಏಳುತ್ತದೆ.

ಅವನು 1935ರಲ್ಲಿ ಹುಟ್ಟಿದ್ದು ಯಾರ್ಕ್‌ಷೈರಿನ ಶಾರ್ಲ್‌ಸ್ಟನ್ ಎಂಬ ಕಲ್ಲಿದ್ದಲ ಗಣಿಯ ಹಳ್ಳಿಯಲ್ಲಿ. ಆ ಸೀಮೆಯವರ ಪ್ರಾಣವೆಂದರೆ ರಗ್ಬಿ ಲೀಗ್. ಆಟಕ್ಕಾಗಿ ಕೂಲಿ ಕಳೆದುಕೊಂಡ ದುಡಿಮೆಗಾರರಿಗೆ ಪರಿಹಾರ ಕೊಡಬೇಕೆಂದು ಹಟ ಹಿಡಿದ ಉತ್ತರ ಇಂಗ್ಲೆಂಡಿನ ಕ್ಲಬ್ಬುಗಳು 1895ರಲ್ಲಿ ಬೇರೆ ಮನೆ ಹೂಡಿದವು. ಆ ಮನೆಯಲ್ಲಿ ಬೆಳೆದ ಆಟ ಇದು. ಡಾನನ ಅಣ್ಣ ಪೀಟರ್, ತಮ್ಮ ನೀಲ್, ಇಬ್ಬರೂ ಆಟಗಾರರೇ. ನೀಲ್ ಅಂತೂ 6,220 ಅಂಕ ಗಳಿಸಿದ ಮಹಾಶಯ! ಚೆಂಡನ್ನು ಎದುರಾಳಿಯ ಗೆರೆಯಾಚೆ ನೆಲಕ್ಕೆ ಮುಟ್ಟಿಸುವುದಕ್ಕೆ ಟ್ರೈ ಎನ್ನುತ್ತಾರೆ. ಫೆದರ್‌ಸ್ಟೋನ್ ರೋವರ್ಸ್ ಪರವಾಗಿ ಡಾನ್ ಅಂಥ 162 ಟ್ರೈಗಳನ್ನು ಗಳಿಸಿ, 1965ರಲ್ಲಿ ವೇಕ್‌ಫೀಲ್ಡ್ ಟ್ರಿನಿಟಿ ತಂಡವನ್ನು ಸೇರಿದ.

1968ರ ಮೇ 11. ವೆಂಬ್ಲಿಯಲ್ಲಿ ಚಾಲೆಂಜ್ ಕಪ್ಪಿನ ಕೊನೆಯ ಪಂದ್ಯ. ಸುರಿದ ಮಳೆಗೆ ಮೈದಾನವೇ ಕೆರೆ. ಲೀಡ್ಸ್ 11, ವೇಕ್‌ಫೀಲ್ಡ್ 7. ಕೊನೆಯ ನಿಮಿಷದಲ್ಲಿ ಕೆನ್ ಹರ್ಸ್ಟ್ ಟ್ರೈ ಗಳಿಸಿದ. ಆಗ ಅದಕ್ಕೆ 3 ಅಂಕ. ಇನ್ನು ಚೆಂಡನ್ನು ಕಂಬಗಳ ನಡುವೆ ಒದ್ದರೆ 2 ಅಂಕ, ಕಪ್ಪು ವೇಕ್‌ಫೀಲ್ಡಿನದು. ಗಾಯಗೊಂಡಿದ್ದ ನೀಲ್ ಅಂದು ಆಡುತ್ತಿರಲಿಲ್ಲ; ಒದೆಯುವ ಹೊಣೆ ಡಾನನ ಮೇಲೆ. ಕಂಬಗಳು ಕಣ್ಣೆದುರೇ ಇದ್ದವು. ಅದೇ ನೀರಿನಲ್ಲಿ ಆಗಲೇ ಎರಡು ಸಲ ಗುರಿ ಮುಟ್ಟಿಸಿದ್ದ. ಈ ಸಲ ಚೆಂಡು ಬಲಕ್ಕೆ ಸರಿದುಹೋಯಿತು. ಅವನು ನೆಲಕ್ಕೆ ಕುಸಿದ.

ಆ ಪಂದ್ಯದ ಶ್ರೇಷ್ಠ ಆಟಗಾರನೆಂದು ಪತ್ರಕರ್ತರು ಆರಿಸಿದ್ದು ಯಾರನ್ನು ಗೊತ್ತೆ? ಅವನನ್ನೇ! ಲ್ಯಾನ್ಸ್ ಟಾಡ್ ಟ್ರೋಫಿ ಅವನಿಗೆ ಸಂದಿತು.

ಆ ಹಳೆಯ ಚಿತ್ರವನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಟೆಲಿವಿಷನ್ನಿನವರಿಗೆ ಅದೊಂದು ಅಕ್ಷಯ ಪಾತ್ರೆ. 162 ಟ್ರೈಗಳನ್ನು ಹಾಗೆ ತಿರುತಿರುಗಿ ತೋರಿಸಿದವರನ್ನು ನಾನು ಕಾಣೆ. ದಿನವೂ ರುಚಿಯಾಗಿ ಉಣಬಡಿಸಿದ ಕೈಯನ್ನು ಮರೆತು, ಒಂದು ದಿನ ಸಾರಿಗೆ ಉಪ್ಪು ಹೆಚ್ಚಾದದ್ದನ್ನೇ ಆಡಿಕೊಳ್ಳುವವರಿಲ್ಲವೇ? ಹಾಗೆಯೇ ಇದೂ.

ಡಾನ್ 2008ರಲ್ಲಿ ತೀರಿಕೊಂಡ. ಅಂದಿನ ಮಳೆಯಲ್ಲಿ ಅವನು ಅಷ್ಟು ಚೆನ್ನಾಗಿ ಆಡದೆ ಇದ್ದಿದ್ದರೆ, ಕೊನೆಯ ಒದೆತದಲ್ಲಿ ಕಪ್ಪು ಗೆಲ್ಲುವ ಸಂದರ್ಭ ತಂಡಕ್ಕೆ ಬರುತ್ತಿತ್ತೋ ಇಲ್ಲವೋ! ತಪ್ಪಿದ ಒದೆತವನ್ನು ನೆನೆಯುವವರು ಇಷ್ಟನ್ನಾದರೂ ನೆನೆದರೆ ನನಗೆ ಸಮಾಧಾನ.